ಐವತ್ತೇಳನೆಯ ದೂರು

ಆನೆಬಾಗಿಲ ಹತ್ತಿರ, ಎಣ್ಣೆ ಅಂಗಡಿಯ ಮೇಲೆ
ನಮ್ಮ ಕಚೇರಿ. ಮೂರು ಕುರ್ಚಿ, ಎರಡು ಫ್ಯಾನು,
ಒಂದು ತಿರುಗುವುದಿಲ್ಲ. ಅದಕ್ಕೂ ದೂರಿದೆ,
ಸಂಖ್ಯೆ ಒಂಬತ್ತು, ಯಾರೋ ತಮಾಷೆಗೆ ಬರೆದದ್ದು.
ಇನ್ನೂ ಬಾಕಿ.

ಬೆಳಿಗ್ಗೆ ಬಂದವಳೇ ಕಪ್ಪು ಪರದೆ ತೆರೆಯುತ್ತೇನೆ.
ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ,
ಮಿಣುಕುವ ಒಂದೇ ಗೀಟು, ಏನವ್ವಾ ಅನ್ನುವ ಹಾಗೆ.
ತೆರೆ, ತೋರು, ಮುಗಿಸು:
ಶಂಷಾದ್ ಕೂಡಿಸಿಟ್ಟ ಮೂರೇ ಆಜ್ಞೆ.
'ತೋರು' ಎಂದರೆ ಸಾಕು, ಉಳಿದದ್ದೆಲ್ಲ ಸುರಿಯುತ್ತದೆ
ಶೇಂಗಾ ಚೀಲದ ಬಾಯಿ ಬಿಚ್ಚಿದಂತೆ.

ಐವತ್ತೇಳನ್ನು ತಂದವನು ಪಾಲಯ್ಯ.
ಮಂಡಿಯಿಂದ ಮೆಟ್ಟಿಲು ಹತ್ತಿ ಬಂದ,
ಕೈಯಲ್ಲಿ ಬೆವರಿಗೆ ನೆಂದ ತೂಕದ ಚೀಟಿ.
"ತೂಕ ಸರಿ ಐತೆ ಮೇಡಂ, ದುಡ್ಡೂ ಸರಿ ಐತೆ.
ಊರ ಹೆಸರು ನೋಡ್ರಿ."

ಚಿತ್‌ರದುರ್‌ಗ.

ಗಕಾರಕ್ಕೆ ಒರಗಬೇಕಾದ ಅರ್ಕಾವೊತ್ತು
ಮುನಿಸಿಕೊಂಡು ಮುಂದೆ ಬಂದು ನಿಂತಿತ್ತು.
"ಏಳು ಸುತ್ತು ಕಲ್ಲು ಹಂಗೇ ನಿಂತೈತೆ,
ನಿಮ್ ಚೀಟಿಯಾಗೆ ಎರಡು ಅಕ್ಷರ ನಿಲ್ಲಲ್ವಾ?"

ಉಳಿದ ದೂರುಗಳೆಲ್ಲ ಇಂಗ್ಲಿಷಿನವು.
ಇದೊಂದನ್ನು ಕನ್ನಡದಲ್ಲೇ ಬರೆಯಬೇಕಾಯಿತು.
ಬರೆದೆ. ಕಪ್ಪು ಪರದೆಯ ಮೇಲೂ
ಹಾಗೇ ಮುರಿದು ಬಿತ್ತು ಊರು.
ರೋಗ ಬರೆದುಕೊಳ್ಳುವ ಚೀಟಿಗೂ ಅದೇ ರೋಗ!
ಶಂಷಾದ್ ನಕ್ಕಳು: "ಗೊತ್ತಿತ್ತು ಅಕ್ಕಾ,
ಅದಕ್ಕೇ ನಾನು ಒತ್ತಿಲ್ಲದ ಪದ ಆರಿಸಿದ್ದು."

ಕಡತದ ಒಳಗಿಳಿದು ಎಣಿಸಿದೆವು.
ದ, ಅದಕ್ಕೊಂದು ಕೊಂಬು, ರ, ವಿರಾಮ, ಗ.
ಒಬ್ಬನ ಹಿಂದೊಬ್ಬ, ಮೂಟೆ ಹೊತ್ತ ಹಮಾಲರಂತೆ
ಸಾಲು ತಪ್ಪದೆ ನಿಂತಿದ್ದವು.
ಒಳಗೆ ಊರು ನೆಟ್ಟಗಿದೆ,
ಹೊರಗೆ ಬರುವಾಗ ಎಡವುತ್ತದೆ.

ಪ್ರಿಂಟರಿನವನಿಗೆ ಆರು ಸಲ ಫೋನು.
"ನಮ್ಮ ಕಡೆ ಸರಿ ಬರ್ತಿದೆಯಲ್ಲಾ ಮೇಡಂ."
ಅವನ ಊರು ಯಾವುದೋ; ಒತ್ತಿಲ್ಲದ್ದಿರಬೇಕು.
ಹದಿನೇಳು ದಿನ. ಎರಡು ಫಾಂಟು ಕಿತ್ತೆವು,
ಮೂರನೆಯದನ್ನು ಹಾಕಿದೆವು,
ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಮೊದಲೇ
ಕರಕರ ಅಂದು ಹೊರಬಂತು ಚೀಟಿ:
ಚಿತ್ರದುರ್ಗ.
ಒತ್ತು ಒತ್ತಿನ ಜಾಗದಲ್ಲಿ.

ಪಾಲಯ್ಯನನ್ನು ಕರೆಸಿದೆ, ಅವನೆದುರೇ ಟೈಪಿಸಿದೆ:
ಮುಗಿಸು ೫೭.
ಅವನು ಚೀಟಿ ಬಿಟ್ಟು ಪರದೆಗೆ ಬಗ್ಗಿದ.
"ಇಲ್ಲಿನ್ನೂ ಮುರಿದೈತಲ್ಲಾ?"
"ಇದು ನಮಗಷ್ಟೇ ಕಾಣೋದು, ಬಿಡಿ."
"ನಿಮಗೆ ಕಂಡ್ರೆ ದೂರು ಅಲ್ವಾ?"

ಕೆಳಗೆ ಯಾರೋ ಎಣ್ಣೆ ಡಬ್ಬ ಉರುಳಿಸಿದರು.
ಗೀಟು ಮಿಣುಕುತ್ತಲೇ ಇತ್ತು.
ತೆರೆ.
ಅರವತ್ಮೂರು. ದೂರು ಕೊಟ್ಟವರು: ಪಾಲಯ್‌ಯ.