ಎರಡನೇ ದಿನ

ಚೀಟಿಯಲ್ಲಿ ಬರೆದಿತ್ತು: ಮುಟ್ಟಿನ ಎರಡನೇ ದಿನ
ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು.
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಔಷಧಿ ಅಂಗಡಿಯ ಮೇಲಿನ ಲ್ಯಾಬಿನಲ್ಲಿ
ದಿನಕ್ಕೆ ನಲವತ್ತು ತೋಳು ಚುಚ್ಚುವವಳು ನಾನು,
ಹೊಟ್ಟೆ ಖಾಲಿಯಿಡುವುದು ಗೊತ್ತು.
ಮೊದಲನೇ ದಿನವೇ ಬಾರದವಳಿಗೆ
ಎರಡನೇ ದಿನ ಯಾವುದು?

ಸೊಸೈಟಿಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು ಹಾಕುತ್ತಾ ಹೋದೆ.
ಕೈಲ್‌ಪೊಳ್ದ್ ಕಳೆಯಿತು, ಕಾವೇರಿ ಸಂಕ್ರಮಣ ಕಳೆಯಿತು,
ಪುತ್ತರಿಯ ಕದಿರೂ ಮನೆಗೆ ಬಂತು.
ಗೀಟು ತೊಂಬತ್ತೇಳಾದವು.
ಗದ್ದದ ಕೆಳಗೆ ಮಾತ್ರ ತಪ್ಪದೆ ಬೆಳೆ.
ಶನಿವಾರ ಶನಿವಾರ ಜರೀನಾ ತನ್ನ ಪಾರ್ಲರಿನಲ್ಲಿ
ದಾರದ ತುದಿ ಹಲ್ಲಲ್ಲಿ ಕಚ್ಚಿ ಕೊಯ್ಲು ಮಾಡುತ್ತಾಳೆ.
ಏನೂ ಕೇಳುವುದಿಲ್ಲ.
ಅದಕ್ಕೇ ಅವಳಲ್ಲಿಗೆ ಹೋಗುತ್ತೇನೆ.

ವಿರಾಜಪೇಟೆಯ ಸ್ಕ್ಯಾನಿಂಗ್ ಡಾಕ್ಟರು ಪರದೆ ತೋರಿಸಿ
ಮುತ್ತಿನ ಸರದ ಹಾಗೆ, ಅಂದರು.
ಮುತ್ತು ಕಂಡವರು ಹಾಗನ್ನಲಿ.
ನನಗೆ ಕಂಡದ್ದು ಬಲಿಯದ ಮೆಣಸಿನ ಗೊಂಚಲು,
ಕಾಳಿಗೆ ಕಾಳು ಒತ್ತಿಕೊಂಡು
ಒಂದೂ ಕೆಂಪಾಗದೆ ನಿಂತದ್ದು.
ಕಾದದ್ದು ಸಾಕು, ಯಾವ ದಿನವಾದರೂ ಸರಿ, ಅಂದರು ಕೊನೆಗೆ.

ಲ್ಯಾಬಿನ ಬಾಗಿಲು ತೆರೆಯುವ ಮುಂಚೆ
ರಬ್ಬರ್ ಪಟ್ಟಿಯ ತುದಿ ನಾನೂ ಹಲ್ಲಲ್ಲಿ ಕಚ್ಚಿ
ನನ್ನದೇ ನರ ಹುಡುಕಿದೆ.
ಯಂತ್ರ ತಿರುಗಿ ನಿಂತಾಗ ಕೆಂಪು ಕೆಳಗೆ ಕೂತಿತ್ತು,
ಮೇಲೆ ತುಡುವೆ ಜೇನಿನ ಬಣ್ಣದ ನೀರು.
ಹಾರ್ಮೋನಿನ ಟ್ಯೂಬು ಐಸ್ ಡಬ್ಬಿಯಲ್ಲಿ
ಮೈಸೂರು ಬಸ್ಸು ಹತ್ತಿತು; ಮರುದಿನ ಸಂಜೆ ಉತ್ತರ.
ಯೂರಿಕ್ ಆಸಿಡ್ ಆರು ಪಾಯಿಂಟ್ ಏಳು, ಪಕ್ಕದಲ್ಲೊಂದು ನಕ್ಷತ್ರ.
ಟೆಸ್ಟೋಸ್ಟಿರಾನ್ ಎಪ್ಪತ್ತೆಂಟು, ಇನ್ನೊಂದು ನಕ್ಷತ್ರ.

ಯೂರಿಕ್ ಆಸಿಡ್ಡು ನಮ್ಮ ಮನೆಗೆ ಹಳೆಯ ನೆಂಟ.
ಸುಬೇದಾರ್ ಅಜ್ಜನ ಎಡಗಾಲ ಹೆಬ್ಬೆರಳಲ್ಲಿ ಬಿಡಾರ ಹೂಡಿತ್ತು.
ರಾತ್ರಿ ಪಂದಿಕರಿ, ಕ್ಯಾಂಟೀನಿನ ರಮ್ಮು;
ಬೆಳಗ್ಗೆ ಹೊದಿಕೆ ತಾಗಿದರೂ ಕೂಗು.
ಗುಂಡು ತಗಲಿದ ದಿನ ಕೂಗಿರಲಿಲ್ಲವಂತೆ.
ಇದು ಗಂಡಸರ ಕಾಯಿಲೆ ಕಣೇ, ಅನ್ನುತ್ತಿದ್ದ ಹೆಮ್ಮೆಯಿಂದ,
ಗೋಡೆಯ ಕೋವಿಯ ಹಾಗೆ
ಮೊಮ್ಮಗನಿಗೆ ಸೇರತಕ್ಕದ್ದು ಎಂಬಂತೆ.
ಕೋವಿ ಅಣ್ಣನಿಗೆ ಹೋಯಿತು.

ಹಂದಿ ಬಿಡು, ಅಂದಳು ಅವ್ವ,
ಪಾಪ, ಏನೂ ಮಾಡದ ಕಾಚಂಪುಳಿ ಬಾಟಲಿಯನ್ನೂ ಅಟ್ಟಕ್ಕೇರಿಸಿ.
ಹಂದಿಯೊಂದರದೇ ತಪ್ಪಲ್ಲ ಅವ್ವ,
ಇನ್ಸುಲಿನ್ ಏರಿದ ಮೈಯಲ್ಲಿ ಮೂತ್ರಪಿಂಡ ಜಿಪುಣ,
ಹೊರಗೆ ಚೆಲ್ಲಬೇಕಾದ್ದನ್ನು ಕೂಡಿಡುತ್ತದೆ,
ಗಂಡು ಹಾರ್ಮೋನು ಅದರ ಬೆನ್ನು ತಟ್ಟುತ್ತದೆ...
ಕೊಡವ ತಕ್ಕಿನಲ್ಲಿ ಹೇಳಲು ಹೋಗಿ ಅರ್ಧಕ್ಕೇ ನಿಂತೆ.
ಹಾರ್ಮೋನಿಗೆ ನಮ್ಮ ಅಡುಗೆಮನೆಯಲ್ಲಿ ಮಾತಿಲ್ಲ.

ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಒಂದು ಆಟ ಆಡಿದೆ.
ವರದಿಯಲ್ಲಿ 'ಹೆಣ್ಣು' ಅಳಿಸಿ 'ಗಂಡು' ಒತ್ತಿದೆ.
ಮೊದಲ ನಕ್ಷತ್ರ ಮಾಯ!
ಆರು ಪಾಯಿಂಟ್ ಏಳು ಗಂಡಸಿಗೆ ಆರೋಗ್ಯ.
ಎರಡನೆಯದು ಅಲ್ಲೇ ಇತ್ತು, ಬಾಣ ಮಾತ್ರ ಕೆಳಮುಖ:
ಗಂಡಸೆಂದರೆ ಇಷ್ಟು ಸಾಲದು.
ನಗು ಬಂತು. ಅಜ್ಜ ಇದ್ದಿದ್ದರೆ
ಒಂದು ಸಣ್ಣ ಪೆಗ್ಗು ಹಾಕಿ ನನ್ನ ಕಡೆ ತಳ್ಳುತ್ತಿದ್ದ.
ಮತ್ತೆ 'ಹೆಣ್ಣು' ಒತ್ತಿದೆ. ಎರಡೂ ನಕ್ಷತ್ರ ಮರಳಿದವು.
ಪರೀಕ್ಷಿಸಿದವರು ಎಂಬಲ್ಲಿ ಸಹಿ ಹಾಕಿದೆ: ಬೋಜಮ್ಮ.

ಹೊರಗೆ ಬೆಂಚಿನಲ್ಲಿ ಒಬ್ಬಳು ಹುಡುಗಿ,
ದುಪಟ್ಟಾ ಗದ್ದದವರೆಗೆ, ಕೈಯಲ್ಲಿ ಅದೇ ಚೀಟಿ.
'ಸಿಸ್ಟರ್, ಎರಡನೇ ದಿನ ಅಂತ ಬರೆದಿದ್ದಾರೆ, ನನಗೆ...'
ತೋಳು ಚಾಚು, ಅಂದೆ.
ಮುಷ್ಟಿ ಬಿಗಿಹಿಡಿ.