ಆರಂಗುಲ

ಮಠದ ಮ್ಯಾನೇಜರ್ ಓಂಕಾರಯ್ಯನವರು
ಟೇಪು ಹಿಡಿದೇ ಬಂದಿದ್ದರು.
ಮಂತ್ರಿಗಳ ಸೋಫಾಗಿಂತ ಬುದ್ಧಿಯವರ ಪೀಠ
ಆರಂಗುಲ ಮೇಲಿರಬೇಕು,
ಒಂದು ನೂಲು ಕಡಿಮೆಯಾದರೂ ಬಾಡಿಗೆ ಇಲ್ಲ.

ಮಧುಗಿರಿಯ ಕಾಲೇಜು ಮೈದಾನ. ಹಿಂದೆ ಬೆಟ್ಟ,
ಒಂದೇ ಕಲ್ಲು, ಯಾರೂ ಟೇಪು ಹಿಡಿದು ಹೋಗದ್ದು.
ಶಾಮಿಯಾನ ನನ್ನದು, ಗೂಟ ಹೊಡೆಯುವವನು ಮಸ್ತಾನ್.
ಉರುಸಿಗೂ ಅವನೇ, ಸಮಾವೇಶಕ್ಕೂ ಅವನೇ,
ಗಂಟು ಮಾತ್ರ ಒಂದೇ.

ಇಪ್ಪತ್ತೆಂಟು ವರ್ಷದ ಕಸುಬು ಇದು.
ಮೊದಲ ಸಲ ದೊಡ್ಡಬುದ್ಧಿಯವರಿದ್ದರು,
ಒಂದು ಕಂಬಳಿ ಹಾಸು ಸಾಕು ಅಂದರು.
ಆಗಿನ ಮಂತ್ರಿ ಪಂಚೆ ಎತ್ತಿಕೊಂಡು
ಮಂಡಿ ಲಟಕ್ಕೆನ್ನಿಸಿ ನೆಲಕ್ಕೆ ಕೂತ,
ಏಳುವಾಗ ಇಬ್ಬರು ಕೈ ಕೊಡಬೇಕಾಯಿತು.
ದೊಡ್ಡಬುದ್ಧಿಯವರು ಅವನಿಗೊಂದು ಕಾಗದ ಕೊಟ್ಟರು,
ಎರಡೇ ಸಾಲು. ಆ ವರ್ಷವೇ
ಹೆಣ್ಣುಮಕ್ಕಳ ಹಾಸ್ಟೆಲಿಗೆ ಪಾಯ ತೋಡಿದರು.

ಅದು ರಾಜಕೀಯ ಅಲ್ಲವಾ ಅಣ್ಣ, ಅಂತಾನೆ ಮಸ್ತಾನ್.
ಹೌದು ಕಣಯ್ಯ.
ಅಲ್ಲಿದ್ದು ಓದಿದ ನನ್ನ ತಂಗಿ
ಇವತ್ತು ಮಿಡಿಗೇಶಿಯಲ್ಲಿ ನರ್ಸು. ಏನಂತ ಹೇಳಲಿ.
ಕಾಗದ ಬರೆಯುವುದು ಬೇರೆ,
ತಮ್ಮನ ಮಗನಿಗೆ ಟಿಕೆಟ್ ಕೇಳುವುದು ಬೇರೆ.
ಎಲ್ಲಿ ಬೇರೆಯಾಯಿತು ಅನ್ನುವುದಕ್ಕೆ
ನನ್ನ ಟೇಪಿನಲ್ಲಿ ಗೀಟಿಲ್ಲ.

ಈಗಿನವರು ಕಿರಿಯರು, ಮಾತು ಚೆನ್ನ.
ಹೋದ ಚುನಾವಣೆಯಲ್ಲಿ
ಪ್ರಸಾದದ ಎಲೆ ಹಾಕಿರುವಾಗಲೇ
ನಮ್ಮವರು ಯಾರು ಅಂತ ಹೇಳಿದರು.
ನನ್ನ ಪಕ್ಕ ಉಣ್ಣುತ್ತಿದ್ದವನ ಕೈ ತಡೆಯಿತು.
ಅವನು ನಮ್ಮವನಲ್ಲ;
ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.
ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತ್ತು,
ಪಾಯಸ ತೊಟ್ಟಿಕ್ಕುತ್ತಾ.

ಇರಲಿ. ಸಂಜೆ ನಾಲ್ಕಕ್ಕೆ ಪಕ್ಷದ ಹುಡುಗರು
ತುಮಕೂರಿನಿಂದ ತಮ್ಮದೇ ಸೋಫಾ ತಂದಿಳಿಸಿದರು.
ದಿಂಬು ಎಷ್ಟು ದಪ್ಪವೆಂದರೆ
ಕೂತವನು ಮುಳುಗುವುದಿಲ್ಲ, ತೇಲುತ್ತಾನೆ.
ನನ್ನ ಲೆಕ್ಕ ಕೆಟ್ಟಿತು. ಪೀಠ, ಸೋಫಾ ಸರಿಸಮ.
ಓಂಕಾರಯ್ಯನವರ ವಿಭೂತಿ ಬೆವರಿಗೆ ಇಳಿಯಿತು.
ಇಟ್ಟಿಗೆ ಪುಡಿಯಾಗುತ್ತೆ ಅಂದೆ, ಹಾಲೋ ಬ್ಲಾಕು ಅಲುಗುತ್ತೆ.
ಕೊನೆಗೆ ಮಠದ ಉಗ್ರಾಣಕ್ಕೆ ವ್ಯಾನು ಓಡಿತು,
ಒಂದು ಹೊರೆ ಮರ ಬಂತು.
ನಾಲ್ಕು ಕಾಲಿಗೂ ಮೂರು ಮೂರು ಪೇರಿಸಿದ ಮಸ್ತಾನ್,
ಕತ್ತಲಲ್ಲಿ, ಅವಸರದಲ್ಲಿ, ಒಂದೊಂದು ಎರಡಂಗುಲ.
ಮೇಲೆ ಕೆಂಪು ಬಟ್ಟೆ ಸುತ್ತಿದ.

ಸಭೆ ಚೆನ್ನಾಗಿ ಆಯಿತು.
ಮಂತ್ರಿಗಳು ಕತ್ತೆತ್ತಿ ನಕ್ಕರು,
ಬುದ್ಧಿಯವರು ಕತ್ತು ಬಗ್ಗಿಸಿ ನಕ್ಕರು.
ಯಾರು ಯಾರಿಗೆ ಏನು ಕೊಟ್ಟರೋ
ಮೈಕಿನಲ್ಲಿ ಬರಲಿಲ್ಲ.

ರಾತ್ರಿ ಹನ್ನೊಂದು. ಬಿಚ್ಚುತ್ತಿದ್ದೆವು.
ಅಣ್ಣ, ಇವು ಹಲಗೆಯಲ್ಲ, ಮಣೆ.
ಹಲಸಿನ ಮರದವು. ಅಡಿಯಲ್ಲಿ ಕೆತ್ತಿದ ನಂಬರು.
ಮೊಬೈಲು ಬೆಳಕಿಗೆ ಹಿಡಿದೆ:
ಹದಿನೆಂಟು. ಐವತ್ತೊಂದು.
ಮೂವತ್ತೇಳು.

ಮೂವತ್ತೇಳು ನಾನು.
ಏಳನೇ ಕ್ಲಾಸಿನಿಂದ ಹತ್ತರವರೆಗೆ
ಅದರ ಮೇಲೆ ಕೂತು ಮುದ್ದೆ ನುಂಗಿದವನು.
ಬಡಿಸಿದವರು ಯಾವೂರು ಅಂತ ಕೇಳಿದ್ದುಂಟು,
ಇನ್ನೊಂದು ಹಾಕಲೇ ಅಂತ ಕೇಳಿದ್ದುಂಟು.
ಹುಡುಗರೀಗ ಸ್ಟೀಲ್ ಟೇಬಲ್ಲಿನಲ್ಲಿ ಉಣ್ಣುತ್ತಾರಂತೆ,
ಒಳ್ಳೆಯದೇ.
ಆದರೂ ಆ ಮಣೆಯನ್ನು ಲಾರಿಗೆ ಎಸೆಯಲು
ಕೈ ಬರಲಿಲ್ಲ.

ಬೆಳಿಗ್ಗೆ ಓಂಕಾರಯ್ಯನವರು ಎಣಿಸಿದರು.
ಹನ್ನೆರಡಕ್ಕೆ ಹನ್ನೊಂದು. ಇನ್ನೊಂದೆಲ್ಲಿ?
ಕುರ್ಚಿಗೆ ಬಾಡಿಗೆ ಹಾಕಿದ್ದೇನೆ ಸ್ವಾಮಿ,
ಎತ್ತರಕ್ಕೆ ಹಾಕಿಲ್ಲ,
ಅದಕ್ಕೆ ವಜಾ ಮಾಡಿಕೊಳ್ಳಿ ಅಂದೆ.

ಈಗ ಅದು ನಮ್ಮ ಅಡುಗೆಮನೆಯಲ್ಲಿದೆ.
ಮೊಮ್ಮಗಳು ಅದರ ಮೇಲೆ ಕೂತು ಉಣ್ಣುತ್ತಾಳೆ.
ಉಂಡಾದ ಮೇಲೆ ಹತ್ತಿ ನಿಂತು
ದೀಪದ ಸ್ವಿಚ್ಚಿಗೆ ಕೈ ಚಾಚುತ್ತಾಳೆ.
ಎಟುಕುವುದಿಲ್ಲ.
ತಾತ, ಇನ್ನೂ ಎರಡು ತಾ ಅನ್ನುತ್ತಾಳೆ.