ಮೂರನೆಯ ಪ್ರಶ್ನೆ

ಸಿದ್ದಾಪುರದಾಚೆ, ತೋಟದ ಲೈನ್‌ಮನೆ ಜಗಲಿಯಲ್ಲಿ
ನಲವತ್ತೊಂದನೆಯ ಫಾರಂ ಬಿಡಿಸಿ ಕೂತಿದ್ದೆ.
ಕಳೆದೆರಡು ವಾರದಲ್ಲಿ ನಿದ್ದೆ ಬಾರದೆ ಎಷ್ಟು ದಿನ?
ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು...
ಓದಿದೆ, ಕಂಡಕ್ಟರ್ ಊರು ಕೂಗುವ ಹಾಗೆ.

ಬೊಳ್ಳಿ ಕರಿಮೆಣಸು ಉದುರಿಸುತ್ತಿದ್ದಳು.
"ಎಂಥದಾದ್ರೂ ಬರ್ಕೊ ಅಮ್ಮ.
ನಿನ್ನ ಕಣ್ಣು ಯಾಕೆ ಹೀಗೆ ಒಳಗೆ ಹೋಗಿದೆ?"

ಇದಕ್ಕೆ ಫಾರಮಿನಲ್ಲಿ ಚೌಕ ಇರಲಿಲ್ಲ.
ನಿನ್ನೆ ರಾತ್ರಿ ಎರಡರವರೆಗೆ
ಜೂನಿಯರ್‌ಗಳಿಗೆಂದು 'ನಮ್ಮ ಆರೈಕೆ ನಾವೇ'
ಹದಿನಾಲ್ಕು ಸ್ಲೈಡು ಮಾಡಿದ್ದೆ.
ಗೈಡಿನ ಮೇಲ್ ತೆರೆಯಲಿಲ್ಲ.
ಊಟ? ನೆನಪಿಲ್ಲ.

ಗೇಟಿನ ಕಡೆಯಿಂದ ಯಾರೋ ಕೂಗಿದರು:
ದಾರಿಯಲ್ಲಿ ಆನೆ, ಜೊತೆಗೆ ಮರಿ,
ಬಸ್ಸು ತಿರುಗಿ ಹೋಯಿತು.
ಎಷ್ಟು ಹೊತ್ತು ನಿಂತೀತು?
"ಅದಕ್ಕೆ ಬೇಕಾದಷ್ಟು" ಎಂದಳು ಬೊಳ್ಳಿ,
ಬೆಲ್ಲದ ಕಾಫಿಯ ಲೋಟ
ಫಾರಮಿನ ಮೇಲೆಯೇ ಕುಕ್ಕಿ.

ಕುಡಿದೆ. ಚಾಪೆ ಹಾಸಿದಳು.
ದೂರದಲ್ಲಿ ಬಿದಿರು ಲಟಲಟ ಮುರಿಯುತ್ತಿತ್ತು,
ಆಮೇಲೆ ಅದೂ ಕೇಳಿಸಲಿಲ್ಲ.

ಎದ್ದಾಗ ದೀಪ ಹಚ್ಚಿಯಾಗಿತ್ತು.
ಮೂರನೆಯ ಪ್ರಶ್ನೆಯಲ್ಲಿ, ಲೋಟದ ಕಂದು ಬಳೆ
'ಹೆಚ್ಚುಕಡಿಮೆ ದಿನಾಲೂ' ಎಂಬಲ್ಲಿ ಒಣಗಿತ್ತು.
ಅಳಿಸಲು ರಬ್ಬರು ಹುಡುಕಿದೆ,
ಬಿಟ್ಟೆ.
ಮೇಲಿದ್ದ ಬೊಳ್ಳಿಯ ಹೆಸರಿಗೆ ಗೆರೆ ಎಳೆದು
ಪಕ್ಕದಲ್ಲಿ ಬರೆದೆ:
ಚೋಂದಮ್ಮ, ಇಪ್ಪತ್ತೊಂಬತ್ತು.